ಓಣಿಗೊಂದೇ ಬೋಗುಣಿ

ಆಟದೊಳಗಿನ ಜನರಿಗೂ ನಿಜವಾಗಿ ಹಸಿವಾಗುವಂತೆ ಮಾಡಿದರೆ ಹೇಗೆ ಎಂದು ಮೊದಲು ಕೇಳಿದವನು ಯಾವನೋ, ಅವನ ನಾಲಿಗೆ ಸೇದಿಹೋಗಬಾರದಿತ್ತೇ ಎಂದು ಶಾಂಭವಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ಆದರೆ ಅವಳಿಗೆ ಸಂಬಳ ಬರುತ್ತಿದ್ದದ್ದು ಆ ಪ್ರಶ್ನೆಯಿಂದಲೇ.

ಆಟದ ಹೆಸರು 'ಏಳು ಕೋಟೆ'. ಐದಾರು ಶತಮಾನದ ಹಿಂದಿನ ದಖ್ಖಣದ ಸೀಮೆ. ಆಡುವವರೆಲ್ಲ ಪಾಳೆಯಗಾರರು. ದೇಶದ ತುಂಬ ಲಕ್ಷಗಟ್ಟಲೆ ಮಂದಿ ತಮ್ಮ ತಮ್ಮ ಮಂಚದ ಮೇಲೆ ಬಿದ್ದುಕೊಂಡು ಕೋಟೆ ಕಟ್ಟುತ್ತಿದ್ದರು, ಕುದುರೆ ಕೊಳ್ಳುತ್ತಿದ್ದರು, ಬೇಸರವಾದಾಗ ಪಕ್ಕದವನ ಊರಿಗೆ ಬೆಂಕಿ ಇಡುತ್ತಿದ್ದರು. ಹತ್ತಿ, ಮೆಣಸು ಘಟ್ಟ ಇಳಿದು ಬಂದರಿಗೆ ಹೋಗಬೇಕು. ಕುದುರೆ, ತಾಮ್ರ, ತವರ ಹಡಗಿನಿಂದ ಇಳಿದು ಘಟ್ಟ ಹತ್ತಬೇಕು. ಪ್ರತಿ ಊರಿನಲ್ಲೂ ಪ್ರಜೆಗಳು. ಅವರು ಬರಿಯ ಚಿತ್ರದ ಗೊಂಬೆಗಳಲ್ಲ. ಒಬ್ಬೊಬ್ಬರಿಗೂ ಅವರದೇ ಬುದ್ಧಿ, ನೆನಪು, ಆಸೆ, ಅಂಜಿಕೆ ಕೊಟ್ಟಿದ್ದರು. ಅವರು ಏಳುತ್ತಿದ್ದರು, ಒಲೆ ಹಚ್ಚುತ್ತಿದ್ದರು, ಅತ್ತೆಯ ಮೇಲೆ ಮುನಿಸಿಕೊಳ್ಳುತ್ತಿದ್ದರು, ಸಾಯುತ್ತಿದ್ದರು.

ಶಾಂಭವಿಯದು ಸಮತೋಲನದ ಕೆಲಸ. ಸೀಮೆಯಲ್ಲಿ ಲೋಹ ಧಾರಾಳವಾದರೆ ಪಾಳೆಯಗಾರರು ತಂತಮ್ಮ ಕೋಟೆಯಲ್ಲಿ ಕಾಲು ಚಾಚಿ ಕೂತುಬಿಡುತ್ತಾರೆ, ವ್ಯಾಪಾರ ನಿಲ್ಲುತ್ತದೆ, ಆಟ ಆಡುವವರು ಆಕಳಿಸುತ್ತಾರೆ. ಲೋಹ ತೀರ ಕಡಿಮೆಯಾದರೆ ಪ್ರಜೆಗಳು ಗಂಟುಮೂಟೆ ಕಟ್ಟಿಕೊಂಡು ಊರು ಬಿಡುತ್ತಾರೆ, ಕೋಟೆ ಹಾಳು ಬೀಳುತ್ತದೆ, ಆಡುವವರು ಕಂಪನಿಗೆ ವಾಚಾಮಗೋಚರ ಬೈದು ಬೇರೆ ಆಟಕ್ಕೆ ಹೋಗುತ್ತಾರೆ. ಜನ ಕಷ್ಟಪಡಬೇಕು, ಆದರೆ ಊರು ಬಿಡಬಾರದು. ಆ ಎರಡರ ನಡುವಿನ ಗೆರೆ ಹುಡುಕುವುದಕ್ಕೆ ಕಂಪನಿ ಅವಳಿಗೆ ಕೈತುಂಬ ಸಂಬಳ, ಊರಾಚೆ ಕ್ವಾರ್ಟರ್ಸು, ಎರಡು ಹೊತ್ತು ಕ್ಯಾಂಟೀನಿನ ಊಟ ಕೊಟ್ಟಿತ್ತು. ಗಂಡ ಕಾರವಾರದ ಬಂದರಿನಲ್ಲಿ ನೌಕರಿಗಿದ್ದ. ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಬಂದುಹೋಗುತ್ತಿದ್ದ.

ಗೆರೆ ಎಲ್ಲಿದೆ ಎಂದು ತಿಳಿಯುವುದಕ್ಕೆ ಆಟದೊಳಗೆ ಒಬ್ಬ ಶಾನುಭೋಗನನ್ನು ಮಾಡಿಟ್ಟಿದ್ದರು. ತಿಂಗಳಿಗೊಮ್ಮೆ ಅವನು ಓಣಿ ಓಣಿ ತಿರುಗಿ ಮನೆಗಳ ಪಡಸಾಲೆಗೆ ಹೋಗುತ್ತಾನೆ: ಕಾಳು ಇದೆಯೇ, ಉಪ್ಪು ಇದೆಯೇ, ಅಡುಗೆಗೆ ಕಲಾಯಿ ಪಾತ್ರೆ ಇದೆಯೇ? ಅವನು ಕಂಡದ್ದರಿಂದ ಒಂದು ಅಂಕ ಹೊರಡುತ್ತಿತ್ತು. ಅದಕ್ಕೆ ಸಹನಾಂಕ ಎಂದು ಹೆಸರು. ನೂರಕ್ಕೆ ನೂರು ಬಂದರೆ ಪ್ರಜೆ ಸುಖಿ. ನಲವತ್ತರ ಕೆಳಗೆ ಬಂದರೆ ಊರು ಖಾಲಿ.

ತವರ ಬೇಕಾಗಿದ್ದದ್ದೇ ಕಲಾಯಿಗೆ. ತಾಮ್ರದ ಪಾತ್ರೆಯನ್ನು ಕಾಯಿಸಿ, ನವಸಾಗರ ಎರಚಿ, ತವರ ಕರಗಿಸಿ, ಅರಳೆಯಿಂದ ಒಳಮೈಗೆ ಉಜ್ಜಿದರೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಅದಿಲ್ಲದ ಪಾತ್ರೆಯಲ್ಲಿ ಹುಳಿ ಬೇಯಿಸಿದರೆ ತಾಮ್ರ ಬಿಟ್ಟುಕೊಂಡು ಹಸಿರು ಕಿಲುಬು ಏಳುತ್ತದೆ, ಉಂಡವರಿಗೆ ವಾಂತಿ, ಹೊಟ್ಟೆನೋವು. ಶಾಂಭವಿ ಕಂಚಗಾರರ ಮನೆಯ ಮಗಳು. ಅಜ್ಜ ಹಂಡೆ ಬಡಿಯುತ್ತಿದ್ದವರು. ಇದನ್ನು ಅವಳು ಯಾವ ಪುಸ್ತಕದಿಂದಲೂ ಕಲಿಯಬೇಕಾಗಿರಲಿಲ್ಲ. ಅದಕ್ಕೇ ಆಟದಲ್ಲಿ ತವರಕ್ಕೆ ಬೆಲೆ ಬರುವ ಹಾಗೆ ಹೂಡಿದವಳೂ ಅವಳೇ. ಮೊದಲು ಪ್ರಜೆಗಳು ಮಣ್ಣಿನ ಗಡಿಗೆಯಲ್ಲಿ ಹುಳಿ ಮಾಡಿಕೊಂಡು ತಣ್ಣಗಿದ್ದುಬಿಡುತ್ತಿದ್ದರು, ತವರ ಯಾರಿಗೂ ಬೇಕಿರಲಿಲ್ಲ. ಅವಳು ಆಟದಿಂದ ಗಡಿಗೆಯನ್ನೇ ತೆಗೆದುಹಾಕಿದಳು. ವ್ಯಾಪಾರ ಬಿಸಿಯಾಯಿತು. ಆ ವರ್ಷ ಅವಳಿಗೆ ಬಡ್ತಿ.

ಈ ಸಲ ತವರದ ತಿರುಪನ್ನು ಅವಳು ಇನ್ನಷ್ಟು ಬಿಗಿ ಮಾಡಿದ್ದಳು. ಮುಕ್ಕಾಲು ಪಾಲು ಹಡಗು ನಿಂತವು. ಸಹನಾಂಕ ದೊಪ್ಪನೆ ಬೀಳಬೇಕಿತ್ತು. ಅದು ಎಂಬತ್ತರ ಮೇಲೆ ಗಟ್ಟಿಯಾಗಿ ಕೂತಿತ್ತು.

ಮೊದಲಿಗೆ ಅವಳು ಲೆಕ್ಕದ ದೋಷವೆಂದುಕೊಂಡಳು. ಹೊನ್ನಗಿರಿ ಎಂಬ ಪೇಟೆಯಲ್ಲಿದ್ದ ತವರದಿಂದ ನಾಲ್ಕಾರು ಪಾತ್ರೆಗಳಿಗೂ ಕಲಾಯಿ ಆಗುತ್ತಿರಲಿಲ್ಲ. ಆದರೆ ಶಾನುಭೋಗ ಹೋದ ಮನೆಯಲ್ಲೆಲ್ಲ ಪಡಸಾಲೆಯ ಗೂಡಿನಲ್ಲಿ ಫಳಫಳ ಹೊಳೆಯುವ ಬೋಗುಣಿ. ಎಲ್ಲೋ ವಸ್ತು ತಾನೇ ನಕಲಾಗುತ್ತಿದೆ ಎಂದು ಅವಳು ಒಂದೇ ಬೋಗುಣಿಗೆ ಗುರುತು ಹಾಕಿ, ಅದರ ಬೆನ್ನು ಹತ್ತಿ ನೋಡಿದಳು.

ನಕಲಾಗಿರಲಿಲ್ಲ. ಶಾನುಭೋಗ ಮುಂಬಾಗಿಲಲ್ಲಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಲಿಂಗಮ್ಮ ಎಂಬ ಪ್ರಜೆ ಬೋಗುಣಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಿಲಿಂದ ಪಕ್ಕದ ಮನೆಗೆ ಓಡುತ್ತಿದ್ದಳು. ಪಕ್ಕದವಳು ಅದನ್ನು ಗೂಡಿನಲ್ಲಿಟ್ಟು, ಸೆರಗು ಸರಿಮಾಡಿಕೊಂಡು, “ಬರ್ರಿ, ಕೂಡ್ರಿ” ಎಂದು ನಗುತ್ತ ನಿಲ್ಲುತ್ತಿದ್ದಳು. ಅಲ್ಲಿಂದ ಮುಂದಿನ ಮನೆ. ಹೀಗೆ ಇಡೀ ಓಣಿ.

ಶಾಂಭವಿಗೆ ನಗು ತಡೆಯಲಾಗಲಿಲ್ಲ. ಎಲಾ ಇವರಾ! ಯಾರು ಕಲಿಸಿದರು ಇವರಿಗೆ ಇದನ್ನು?

ಆಮೇಲೆ ನೆನಪಾಯಿತು: ತಾನೇ. ಪ್ರಜೆಗಳಿಗೆ ಮನೆವಾರ್ತೆಯ ರೀತಿನೀತಿ ಕಲಿಸಬೇಕಾಗಿ ಬಂದಾಗ ಅವಳು ತವರುಮನೆಯ ಅಡುಗೆಮನೆಯಲ್ಲಿ, ಕಂಚಗಾರ ಓಣಿಯಲ್ಲಿ, ಕೆಲವು ತಿಂಗಳು ಧ್ವನಿಯಂತ್ರ ಇಟ್ಟಿದ್ದಳು. ಓಣಿಯ ಹೆಂಗಸರೆಲ್ಲ ಒಪ್ಪಿ ಮಾತಾಡಿದ್ದರು. ಬೀಗರು ಬಂದಾಗ ಪಕ್ಕದ ಮನೆಯಿಂದ ತಾಟು ತಂದದ್ದು, ಮನೆಯಲ್ಲಿ ಇಲ್ಲವೆಂದು ಬಂದವರಿಗೆ ತಿಳಿಯಗೊಡದೆ ಸಂಭಾಳಿಸಿದ್ದು, ಎಲ್ಲ ಅದರಲ್ಲಿತ್ತು. ಯಂತ್ರ ಚೆನ್ನಾಗಿ ಕಲಿತಿತ್ತು.

ನಗುತ್ತಲೇ ಅವಳು ಲಿಂಗಮ್ಮನ ಹಿಂದೆ ಅಡುಗೆಮನೆಗೆ ಹೋದಳು. ಅಲ್ಲಿ ಒಲೆಯ ಮೇಲಿದ್ದದ್ದು ಬರಿ ತಾಮ್ರದ ಪಾತ್ರೆ. ಅದರ ಕಂಠದ ಸುತ್ತ ಹಸಿರು ಕೆನೆಗಟ್ಟಿತ್ತು. ಮೂಲೆಯಲ್ಲಿ ಲಿಂಗಮ್ಮನ ಗಂಡ ಹೊಟ್ಟೆ ಹಿಡಿದುಕೊಂಡು ಮಲಗಿದ್ದ. ಹೊನ್ನಗಿರಿಯಲ್ಲಿ ಹೊಟ್ಟೆಬೇನೆಯಿಂದ ಸಾಯುವವರು ಹೆಚ್ಚಾಗಿದ್ದರು, ನಿಜ. ಆದರೆ ಹೊಟ್ಟೆಬೇನೆಯನ್ನೆಲ್ಲ ಕೆಟ್ಟ ನೀರಿನ ಖಾತೆಗೆ ಹಾಕಬೇಕೆಂದು ಆಟ ಬರೆದ ಹುಡುಗರು ಎಂದೋ ಹೂಡಿಟ್ಟಿದ್ದರು. ತವರದ ಲೆಕ್ಕಕ್ಕೆ ಒಂದು ಸಾವೂ ಬಂದಿರಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಸ್ಟೀಲಿನ ತಾಟಿನ ಮುಂದೆ ಕೂತಾಗ ಅವಳಿಗೆ ಊಟ ಸೇರಲಿಲ್ಲ.

ಕಂಪನಿಯ ಮುಖ್ಯಸ್ಥ ವಿನಾಯಕ ಹುಲಕೋಟಿಗೆ ಎಲ್ಲ ತೋರಿಸಿದಳು. ನಲವತ್ತು ದಾಟಿದ ಚುರುಕು ಮನುಷ್ಯ. ಸಂತೋಷವಾದರೆ ಅಂಗೈ ಉಜ್ಜಿಕೊಳ್ಳುವ ಚಾಳಿ. ಲಿಂಗಮ್ಮ ಸೆರಗಿನಲ್ಲಿ ಬೋಗುಣಿ ಮುಚ್ಚಿಕೊಂಡು ಓಡುವುದನ್ನು ನೋಡಿ ಅಂಗೈ ಉಜ್ಜಿಕೊಂಡ.

“ಏನ್ ಶಾಣ್ಯಾರದಾರ್ರಿ ನಮ್ಮ ಮಂದಿ! ಇದನ್ನ ಜಾಹೀರಾತಿನ್ಯಾಗ ಹಾಕೂಣು. ಆ ವಾಂತಿ ಮಾಡ್ಕೊಳ್ಳೋದೂ ಇರ್ಲಿ. ಭಾಳ ಖರೇ ಕಾಣ್ತದ.”

“ಸರ್, ಅಂಕ ಸುಳ್ಳೈತಿ. ಎಂಬತ್ತಲ್ಲ ಅದು. ಶಾನುಭೋಗ ಹಿತ್ತಲಿಂದ ಹೋದ್ರ ಮೂವತ್ತೂ ದಾಟೂದಿಲ್ಲ.”

“ಎಂಬತ್ತು ಅಂತ ನಾವು ಕೊಟ್ಟಾಗೇದ,” ಎಂದ ಹುಲಕೋಟಿ.

“ಯಾರಿಗೆ?”

“ಲೋಹ ಮಂಡಳಿಗೆ. ದೀಪಾವಳಿ ಮುಂಚೇನ ಮಾರೀವಿ. ತವರ ಇಲ್ದ ಮಂದಿ ಎಲ್ಲೀ ಮಟಾ ತಡಕೋತಾರ ಅಂತ ಅವರಿಗೆ ಬೇಕಾಗಿತ್ತು. ಸರ್ವೇ ಮಾಡಾಕ ವರ್ಷ ಬೇಕು, ನಮ್ಮ ಆಟದಾಗ ಒಂದ ವಾರ.”

ಲೋಹ ಮಂಡಳಿ ಯಾರಿಗೆ ಗೊತ್ತಿಲ್ಲ? ನಿಕ್ಕಲು, ಕ್ರೋಮಿಯಮ್ಮು ಬ್ಯಾಟರಿಗೆ, ಅಲ್ಯೂಮಿನಿಯಮ್ಮು ವಾಹನಕ್ಕೆ ಎಂದು ಹರಿದುಹೋದ ಮೇಲೆ ಸ್ಟೀಲಿನ ಡಬ್ಬಿಯನ್ನು ಕಪಾಟಿನಲ್ಲಿ ಬೀಗ ಹಾಕಿ ಇಡುವ ಕಾಲ ಬಂದಿತ್ತು. ಜನ ಅಟ್ಟದಿಂದ ಅಜ್ಜಿಯ ಕಾಲದ ತಾಮ್ರ ಹಿತ್ತಾಳೆ ಇಳಿಸಿಕೊಂಡರು. ಕಲಾಯಿಯವರ ತಿದಿ ಮತ್ತೆ ಊರಲ್ಲಿ ಊದತೊಡಗಿತು. ಯಾವ ಲೋಹ ಯಾರಿಗೆ ಎಷ್ಟು ಎಂದು ಹಂಚುವುದು ಮಂಡಳಿ.

“ಈಗ ತವರಕ್ಕೂ ಕತ್ತರಿ,” ಎಂದ ಹುಲಕೋಟಿ. “ತವರ ಇಲ್ದ ಬೆಸುಗಿ ಇಲ್ಲ, ಬೆಸುಗಿ ಇಲ್ದ ಕಂಪ್ಯೂಟರ್ ಇಲ್ಲ. ನಮ್ಮ ಹೊಸಾ ಯಂತ್ರಶಾಲಿಗೂ ಅದ ತವರ ಬರೋದು. ಕೆಲವು ಓಣಿಯೊಳಗ ಮನಿಗೆ ಕೊಡೋದು ಆಗಲೇ ಬಂದ್ ಮಾಡ್ಯಾರ, ಪ್ರಯೋಗಕ್ಕ. ಈ ಗುರುವಾರ ಮನಿಮನಿಗೆ ಹೋಗಿ ನೋಡ್ತಾರ. ನಮ್ಮ ಅಂಕಾನ ಅಲ್ಲೂ ಬಂತಂದ್ರ ಇಡೀ ಜಿಲ್ಲಾಕ್ಕ ಬಂದ್.”

“ಯಾವ್ಯಾವ ಓಣಿ ಸರ್?”

ಅವನು ಹೆಸರು ಹೇಳುತ್ತ ಹೋದ. ಕಂಚಗಾರ ಓಣಿ ಅದರಲ್ಲಿತ್ತು.

ಶಾಂಭವಿ ಪ್ರತಿ ಭಾನುವಾರ ಕಂಚಗಾರ ಓಣಿಗೆ ಹೋಗುತ್ತಿದ್ದಳು. ಮೊದಲೇ ಫೋನು ಮಾಡುತ್ತಿದ್ದಳು, ಬಸ್ಸಿಳಿದು ಮುಂಬಾಗಿಲಿಂದ ಒಳಗೆ ಬರುತ್ತಿದ್ದಳು. ಅವ್ವ ಕಾಳವ್ವ ಹೊಳೆಯುವ ಬೋಗುಣಿಯಲ್ಲಿ ಹುಳಿಸೊಪ್ಪಿನ ಪುಂಡಿಪಲ್ಯ ಮಾಡಿ, ಬಿಸಿ ರೊಟ್ಟಿ ಬಡಿದು ಬಡಿಸುತ್ತಿದ್ದಳು. ತಮ್ಮ ಮೌನೇಶ ಬಸ್ಸಿನ ಚಾಲಕ, ಇತ್ತೀಚೆಗೆ ಸೊರಗಿದ್ದ. ಡಬಲ್ ಡ್ಯೂಟಿ ಅಕ್ಕಾ, ಎಂದಿದ್ದ. ಅವಳು ನಂಬಿದ್ದಳು. ಕಲಾಯಿ ಬೋಗುಣಿ ಕಣ್ಣೆದುರೇ ಇತ್ತಲ್ಲ.

ಅವಳು ಆಗಲೇ ಎದ್ದು ಹೊರಟಳು. ಫೋನು ಮಾಡಲಿಲ್ಲ. ಓಣಿಯ ಹಿಂದಿನ ಸಂದಿಯಲ್ಲಿ ನುಗ್ಗಿ ಹಿತ್ತಲ ಬಾಗಿಲು ದೂಡಿದಳು.

ಬಚ್ಚಲ ಮುಂದೆ ಮೌನೇಶ ಕುಕ್ಕುರುಗಾಲಲ್ಲಿ ಕೂತು ವಾಂತಿ ಮಾಡುತ್ತಿದ್ದ. ಅವನ ಬೆನ್ನೆಲುಬು ಅಂಗಿಯ ಮೇಲೆ ಎದ್ದು ಕಾಣುತ್ತಿತ್ತು. ಬಚ್ಚಲಿಗೆ ಬಿದ್ದದ್ದು ಹಸಿರುಮಿಶ್ರಿತ ನೀರು. ಅಡುಗೆಮನೆಯಲ್ಲಿ ಕಾಳವ್ವ ತಾಮ್ರದ ಪಾತ್ರೆಯ ಒಳಮೈಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದಳು. ತಿಕ್ಕಿದಷ್ಟೂ ಕೆಂಪಗೆ ಬರಿ ತಾಮ್ರ. ಒಲೆಯ ಮೇಲೆ ಇನ್ನೊಂದು ಪಾತ್ರೆ. ಪುಂಡಿಪಲ್ಯದ ಅಂಚಿಗೆ ಅದೇ ಕೆನೆ, ಲಿಂಗಮ್ಮನ ಒಲೆಯ ಮೇಲಿದ್ದದ್ದೇ. ಶಾಂಭವಿ ಪಡಸಾಲೆಯತ್ತ ತಿರುಗಿ ನೋಡಿದಳು. ಗೂಡು ಖಾಲಿಯಿತ್ತು.

“ಬೋಗುಣಿ ಎಲ್ಲಿ ಅವ್ವಾ?”

ಕಾಳವ್ವ ಬೆಚ್ಚಿಬಿದ್ದು ಸೆರಗು ಸರಿಮಾಡಿಕೊಂಡಳು. ಮಗಳೆಂದು ತಿಳಿದ ಮೇಲೂ ಸರಿಮಾಡಿಕೊಂಡಳು. “ನೀ ಯಾಕ ಹಿಂಗ ಹೇಳದ ಕೇಳದ ಬಂದಿ? ಫೋನ್ ಮಾಡಬಾರದೇನು?”

“ಬೋಗುಣಿ ಎಲ್ಲಿ?”

“ರಾಚವ್ವನ ಮನ್ಯಾಗ ಐತಿ. ಆಕಿದ ಅದು. ನೀ ಬರೋ ದಿನಾ ಇಸ್ಕೊಂಡ ಬರ್ತೀನಿ.”

“ನಾ ಏನ್ ಹೊರಗಿನಾಕೀನ?”

“ಕೊಟ್ಟ ಮನಿಯಿಂದ ಬಂದಾಕಿಗೆ ಕಿಲುಬ ಉಣಿಸಿ ಕಳಿಸ್ಲೇನು?” ಎಂದಳು ಕಾಳವ್ವ, ಅದರಲ್ಲಿ ಕೇಳುವುದೇನಿದೆ ಎಂಬಂತೆ.

ಕಲಾಯಿಯ ಇಮಾಮಸಾಬ ಬರುವುದು ನಿಂತು ತಿಂಗಳುಗಳಾಗಿದ್ದವಂತೆ. ಬಂದರೂ ಅವನ ಬಳಿ ತವರವಿಲ್ಲ. ಹುಳಿ ಬಿಟ್ಟು ನೋಡಿದ್ದಳು; ಬೇಳೆಗೆ ಉಪ್ಪಾದರೂ ಹಾಕಬೇಕಲ್ಲ, ಅದಕ್ಕೂ ಬಾಯಿ ಒಗರು. ಪುಂಡಿಪಲ್ಯವಿಲ್ಲದೆ ಮೌನೇಶನಿಗೆ ರೊಟ್ಟಿ ಇಳಿಯುತ್ತಿರಲಿಲ್ಲ.

“ಮಣ್ಣಿನ ಗಡಿಗ್ಯಾಗ ಮಾಡಬಾರದೇನವ್ವಾ?”

“ಕರೆಂಟಿನ ಒಲಿ ಮ್ಯಾಲ ಗಡಿಗಿ ತಾಳ್ತದೇನು?” ಎಂದು ಕಾಳವ್ವ ಮೊದಲು ನೆಪ ಹೇಳಿದಳು. ಆಮೇಲೆ ಪಾತ್ರೆಯನ್ನು ಕುಕ್ಕಿ ಇಟ್ಟು ನಿಜ ಹೇಳಿದಳು. “ಕಂಚಗಾರರ ಮನ್ಯಾಗ ಮಣ್ಣಿನ ಗಡಿಗೇನ? ನಿಮ್ಮಜ್ಜ ಊರಿಗೆಲ್ಲ ಹಂಡೆ ಬಡದ ಕೊಟ್ಟಾವ. ಅವನ ಸೊಸಿ ಗಡಿಗ್ಯಾಗ ಅಟ್ಟಾಳಂತ ನಾಳೆ ಓಣ್ಯಾಗ ಮಾತ ಬರ್ಲಿ?”

“ಗುರುವಾರ ಮಂಡಳಿಯವರು ಬರ್ತಾರ. ಅವರ ಮುಂದ ಇಲ್ಲ ಅಂತ ಹೇಳವ್ವಾ. ಐತಿ ಅಂದ್ರ ಜಿಲ್ಲಾಕ್ಕೆಲ್ಲ ತವರ ಬಂದ್ ಮಾಡ್ತಾರ.”

“ಮನಿಗೆ ಬಂದವರ ಮುಂದ, ನಮ್ಮ ಮನ್ಯಾಗ ಅಡಗಿ ಭಾಂಡೆ ಇಲ್ಲ ಅಂತ ಹೇಳ್ಲಿ? ನನ್ನ ಬಾಯಾಗ ಅದು ಬರೂದಿಲ್ಲ ನೋಡು.”

ಬಚ್ಚಲಿಂದ ಮೌನೇಶ ಬಾಯಿ ಒರೆಸಿಕೊಳ್ಳುತ್ತ ಬಂದ. “ಆಕಿಗೆ ಏನ್ ಹೇಳ್ತೀ ಅಕ್ಕಾ? ನನಗ ಜೀವಾ ಹೋದ್ರೂ ಗೂಡಿನ್ಯಾಗ ಬೋಗುಣಿ ಇರ್ಬೇಕು,” ಎಂದು ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ.

ಶಾಂಭವಿ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ನೋಡಿ, ಹೀಗೇ ತಿಂದುಕೊಂಡಿದ್ದರೆ ಲಿವರು ಕೈಕೊಡುತ್ತದೆ ಎಂದರು.

ಮರುದಿನ ಅವಳು ಯಾರನ್ನೂ ಕೇಳದೆ ಶಾನುಭೋಗನ ದಾರಿ ತಿದ್ದಿದಳು. ಇನ್ನು ಮೇಲೆ ಅವನು ಸುಳಿವು ಕೊಡದೆ, ಹಿತ್ತಲ ಬಾಗಿಲಿಂದ, ನೇರ ಒಲೆಯ ಹತ್ತಿರ ಹೋಗಬೇಕು. ಆಟದ ಒಂದು ತಿಂಗಳು ಓಡಿಸಿದಳು. ಹೊನ್ನಗಿರಿಯ ಹೆಂಗಸರು ಅಡುಗೆಮನೆಯಲ್ಲಿ ಪರಗಂಡಸನ್ನು ಕಂಡು ಕಿರುಚಿದರು, ಪಾತ್ರೆಗಳನ್ನು ಸೀರೆಯಲ್ಲಿ ಮರೆಮಾಡಿದರು. ಸಹನಾಂಕ ಇಪ್ಪತ್ತೆಂಟಕ್ಕೆ ಬಂದು ನಿಂತಿತು.

ಹುಲಕೋಟಿ ಗಾಬರಿಯಾಗಿ ಓಡಿ ಬಂದ. “ಏನ್ ಮಾಡಿರಿ? ಊರ ಊರ ಖಾಲಿ ಆಗಾಕತ್ತಾವು! ಮೊದಲ ಅವನ್ನ ಮುಂಬಾಗಲಿಗೆ ಕಳಸ್ರಿ!”

“ಖರೇ ಅಂಕ ಇದು ಸರ್. ನಮ್ಮ ತಮ್ಮ ಸಾಯಾಕತ್ತಾನ. ಮಂಡಳಿಗೆ ಇದನ್ನ ಕೊಡ್ರಿ.”

ಅವಳು ಎಲ್ಲ ಹೇಳಿದಳು. ಅವನು ಕೇಳಿದ, ಪಾಪ ಎಂದ, ಮೌನೇಶನ ಆಸ್ಪತ್ರೆಯ ಖರ್ಚು ಕಂಪನಿ ನೋಡಿಕೊಳ್ಳುತ್ತದೆ ಎಂದ. ಆಮೇಲೆ ಮುಖ ಸಪ್ಪಗೆ ಮಾಡಿಕೊಂಡು, “ನೀವೊಬ್ಬರು ಹೇಳಿದ್ದಕ್ಕ ಅಂಕ ಬದಲಾಗೂದಿಲ್ರಿ. ಗುರುವಾರ ಮನಿಮನಿಗೆ ಹೋಗ್ತಾರಲ್ಲ, ಮಂದೀನ ಹೇಳ್ಲಿ. ಇಲ್ಲ ಅಂದ್ರ ಇಲ್ಲ. ನಾನೂ ಬರ್ತೀನಿ, ನಿಮ್ಮ ಮನಿಗೇ ಬರ್ತೀನಿ. ಅಲ್ಲೇ ಫೋಟೋ ತಗಿಸೂಣು,” ಎಂದ.

ಮಂದಿಯೇ ಹೇಳಲಿ! ಮಂದಿ ಏನು ಹೇಳುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಜಾಹೀರಾತಿಗೆ ತುಂಡು ಬೇರೆ ಆರಿಸಿಟ್ಟಿದ್ದ. ಶಾಂಭವಿಗೆ ಅವನ ಮುಖದ ಮೇಲೆ ಉಗುಳಬೇಕೆನ್ನಿಸಿತು. ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೇ ಹೇಸಿಗೆ ಹುಟ್ಟಿತು. ಗಡಿಗೆ ತೆಗೆದದ್ದು ಯಾರು, ತಿರುಪು ಬಿಗಿ ಮಾಡಿದ್ದು ಯಾರು, ಅವ್ವನ ಮಾನವನ್ನು ಯಂತ್ರಕ್ಕೆ ಕಲಿಸಿದ್ದು ಯಾರು?

ಗುರುವಾರ ಕಂಚಗಾರ ಓಣಿ ಬೆಳಿಗ್ಗೆಯೇ ಸಾರಿಸಿ ರಂಗೋಲಿ ಹಾಕಿಕೊಂಡು ಕೂತಿತ್ತು. ಮಂಡಳಿಯ ಅಧಿಕಾರಿ ಸದಾನಂದ ಪಟ್ಟೇದ ಕೈಯಲ್ಲೊಂದು ಪುಟ್ಟ ಯಂತ್ರ ಹಿಡಿದು ಮನೆಮನೆಗೆ ಹೋಗುತ್ತ ಬಂದ. ಎಲ್ಲ ಮನೆಯ ಗೂಡಿನಲ್ಲೂ ಬೋಗುಣಿ. ಪಟ್ಟೇದ 'ಇದೆ' ಎಂದು ಒತ್ತುತ್ತಿದ್ದ, ಕೊಟ್ಟ ಚಹಾ ಕುಡಿಯುತ್ತಿದ್ದ. ಹಿತ್ತಿಲುಗಳಲ್ಲಿ ಬಳೆಯ ಸದ್ದು ಅವನಿಗಿಂತ ಒಂದು ಮನೆ ಮುಂದೆ ಓಡುತ್ತಿತ್ತು. ಆಟದಲ್ಲಿ ನೋಡಿ ನಕ್ಕಿದ್ದ ಶಾಂಭವಿಗೆ ಈಗ ಕಿವಿ ಮುಚ್ಚಿಕೊಳ್ಳಬೇಕೆನ್ನಿಸಿತು.

ಓಣಿಯ ಕೊನೆಯ ಮನೆ ಕಾಳವ್ವನದು. ಶಾಂಭವಿಯ ಸಾಹೇಬರೂ ಬರುತ್ತಾರೆಂದು ಊಟಕ್ಕೇ ಹೇಳಿದ್ದಳು, ಬೇಡವೆಂದರೂ ಕೇಳುವವಳಲ್ಲ. ಅದಕ್ಕೆಂದೇ ಬೋಗುಣಿಯನ್ನು ಬೆಳಿಗ್ಗೆ ತರಿಸಿ ಪುಂಡಿಪಲ್ಯ ಮಾಡಿ, ಪಲ್ಯವನ್ನು ಗಾಜಿನ ಬಟ್ಟಲಿಗೆ ಸುರಿದು, ತೊಳೆದು ಓಣಿಗೆ ಬಿಟ್ಟಿದ್ದಳು. ಪಟ್ಟೇದ ಮೆಟ್ಟಿಲು ಹತ್ತುವಾಗ ಬೋಗುಣಿ ಮರಳಿ ಬಂದು ಗೂಡು ಸೇರಿತ್ತು.

“ಮನ್ಯಾಗ ಕಲಾಯಿ ಭಾಂಡೆ ಅದಾವ್ರಿ ಅವ್ವಾರ?”

ಕಾಳವ್ವ ಗೂಡಿನತ್ತ ಕೈ ತೋರಿಸಿದಳು. ಪಟ್ಟೇದ ಒತ್ತಿದ.

ಪಟ್ಟೇದ, ಅವನ ಹಿಂದೆಯೇ ಬಂದ ಹುಲಕೋಟಿ, ಇಬ್ಬರೂ ಊಟಕ್ಕೆ ಕೂತರು. ಪಟ್ಟೇದ ಮಿತವಾಗಿ ಉಂಡ. ಹುಲಕೋಟಿ ಚಪ್ಪರಿಸಿ ಚಪ್ಪರಿಸಿ ಉಂಡು, ತೇಗಿ, “ಇಂಥಾ ಪುಂಡಿಪಲ್ಯ ಹೋಟೆಲಿನ್ಯಾಗ ಸಿಗೂದಿಲ್ರಿ. ನೋಡ್ರಿ ಪಟ್ಟೇದರ, ತವರ ಇಲ್ದನೂ ಮಂದಿ ಎಷ್ಟ ಛಂದ ಹೊಂದಿಕೊಂಡಾರ! ಸಹನಾಂಕ ಅಂದ್ರ ಇದು. ಅವ್ವಾರ, ಇನ್ನೊಂದೀಟು ಪಲ್ಯ ಹಾಕ್ರಿ,” ಎಂದ.

ಬಟ್ಟಲು ಬರಿದಾಗಿತ್ತು. ಮುಗಿಯಿತು ಎಂದು ಉಣ್ಣುವವರಿಗೆ ಹೇಳುವುದುಂಟೇ? ಕಾಳವ್ವ ಸೌಟು ಹಿಡಿದು ನಿಂತಳು. ಕೋಣೆಯ ಬಾಗಿಲಲ್ಲಿ ಮೌನೇಶ ಗೋಡೆಗೆ ಆತುಕೊಂಡು ನಿಂತಿದ್ದ.

ಶಾಂಭವಿ ಒಳಗೆ ಹೋದಳು. ಒಲೆಯ ಪಕ್ಕ ತಾಟು ಮುಚ್ಚಿಟ್ಟಿದ್ದ ತಾಮ್ರದ ಪಾತ್ರೆಯಿಂದ ಪಲ್ಯ ತೋಡಿಕೊಂಡು ಬಂದು ಹುಲಕೋಟಿಯ ತಾಟಿಗೆ ಬಡಿಸಿದಳು. ಅವನು ಮಾತಾಡುತ್ತಲೇ ರೊಟ್ಟಿ ಮುರಿದು, ಪಲ್ಯ ಸೇರಿಸಿ, ತುತ್ತನ್ನು ಬಾಯ ಹತ್ತಿರ ಒಯ್ದ.

“ಬ್ಯಾಡ್ರೀ!”

ಕಾಳವ್ವ ಕೂಗಿದ್ದು ಓಣಿಗೆಲ್ಲ ಕೇಳಿತು. ಪರಗಂಡಸಿನ ಎದುರು ದನಿ ಎತ್ತದ ಹೆಂಗಸು ಓಡಿ ಬಂದು ಅವನ ಮಣಿಕಟ್ಟು ಹಿಡಿದುಬಿಟ್ಟಿದ್ದಳು. ತುತ್ತು ನೆಲಕ್ಕೆ ಬಿತ್ತು.

“ಅದು ಬ್ಯಾಡ್ರಿ ಸಾಹೇಬ್ರ. ಅದು ನಮಗಂತ ಮಾಡಿದ್ದು.”

ಹುಲಕೋಟಿ ತಾಟಿನ ಕಡೆ ನೋಡಿದ. ಪಲ್ಯದ ಅಂಚಿನ ಹಸಿರು ಈಗ ಕಂಡಿತು. ಅವನು ದಡಬಡಿಸಿ ಎದ್ದು, ಹಿತ್ತಿಲಿಗೆ ಹೋಗಿ ಬಚ್ಚಲಲ್ಲಿ ಉಗುಳಿದ. ತುತ್ತು ಅವನ ಬಾಯಿಗೇ ಹೋಗಿರಲಿಲ್ಲ, ಆದರೂ ಉಗುಳಿದ, ಬಾಯಿ ಮುಕ್ಕಳಿಸಿದ, ಮತ್ತೆ ಉಗುಳಿದ. ಇವನೇ ಅಲ್ಲವೇ ವಾಂತಿ ಖರೇ ಕಾಣುತ್ತದೆ ಎಂದವನು! ಥೂ, ಎಂದುಕೊಂಡಳು ಶಾಂಭವಿ.

ಪಟ್ಟೇದ ಕೈಯಲ್ಲಿನ ಯಂತ್ರ ನೋಡಿಕೊಂಡ, ಕಾಳವ್ವನನ್ನು ನೋಡಿದ. “ಅವ್ವಾರ, ನಾ ಇದೆ ಅಂತ ಒತ್ತೀನಿ.”

ಇದನ್ನು ಶಾಂಭವಿ ಹೇಳಿದರೆ ಅದಕ್ಕೆ ಬೆಲೆಯಿರಲಿಲ್ಲ. ಕಾಳವ್ವ ಗೂಡಿನತ್ತ ನೋಡಿದಳು, ಮಗನತ್ತ ನೋಡಿದಳು. ಕಣ್ಣಲ್ಲಿ ನೀರು ಬಂತು.

“ಅಳಸ್ರಿ,” ಎಂದಳು. “ನಮ್ಮ ಮನ್ಯಾಗ ಇಲ್ಲ. ಆ ಬೋಗುಣಿ ಬಾಜೂಮನಿ ರಾಚವ್ವಂದು.”

ಕೂಗು ಕೇಳಿ ಹೊಸ್ತಿಲಿಗೆ ಬಂದಿದ್ದ ರಾಚವ್ವ ತಲೆ ತಗ್ಗಿಸಿದಳು. “ನಂದಲ್ಲ ಕಾಳವ್ವಾ. ನಾ ನೀಲಮ್ಮನ ಕಡೆಯಿಂದ ಇಸ್ಕೊಂಡಿದ್ದೆ. ನಿನಗ ಹ್ಯಾಂಗ ಹೇಳ್ಲಿ ಅಂತ ಸುಮ್ಮನಿದ್ದೆ.”

“ಅಯ್ಯ, ನಂದೆಲ್ಲಿ ಬಂತು?” ಎಂದಳು ಅವಳ ಹಿಂದಿನಿಂದ ನೀಲಮ್ಮ. “ಮೂಲಿಮನಿ ಚೆನ್ನವ್ವಂದು ಅದು.”

ಚೆನ್ನವ್ವನನ್ನು ಕೇಳಿದರೆ ಅವಳು ಇನ್ನೊಬ್ಬಳ ಹೆಸರು ಹೇಳಿದಳು. ಹೀಗೆ ಕೇಳುತ್ತ ಕೇಳುತ್ತ ಪಟ್ಟೇದ ಬಂದ ದಾರಿಯಲ್ಲೇ ಓಣಿಯುದ್ದಕ್ಕೂ ಹಿಂದಕ್ಕೆ ಹೋದ. ಈ ಸಲ ಯಾರೂ ಅವನಿಗೆ ಚಹಾ ಕೊಡಲಿಲ್ಲ. ಹೆಂಗಸರು ಅವನನ್ನು ಹಿತ್ತಿಲಿಂದ ಕರೆದು ಒಲೆಯ ಮೇಲಿದ್ದ ಪಾತ್ರೆಗಳ ಮುಚ್ಚಳ ತೆಗೆದು ತೋರಿಸಿದರು. ಅವನು ಮೂಗಿಗೆ ಕರವಸ್ತ್ರ ಹಿಡಿದುಕೊಂಡು, ಪ್ರತಿ ಮನೆಯಲ್ಲೂ ಅಳಿಸಿ, 'ಇಲ್ಲ' ಎಂದು ಒತ್ತಿದ. ಬೋಗುಣಿ ನಿಜಕ್ಕೂ ಯಾರದೆಂದು ಕೊನೆಗೂ ತಿಳಿಯಲಿಲ್ಲ.

ಎಲ್ಲರೂ ಹೋದ ಮೇಲೆ ಕಾಳವ್ವ ತಾಟುಗಳನ್ನು ಎತ್ತಿದಳು. “ಓಣಿ ಮಾನಾ ತಗದಿ,” ಎಂದಳು ಮಗಳಿಗೆ. ಅಷ್ಟು ಹೇಳಿ ಒಳಗೆ ಹೋಗಿ ಕದ ಹಾಕಿಕೊಂಡಳು.

ಜಿಲ್ಲೆಯ ಆದೇಶ ನಿಂತಿತು. ರದ್ದಾಗಲಿಲ್ಲ, ನಿಂತಿತಷ್ಟೆ. ಹೊಸ ಪ್ರಯೋಗ ಇನ್ಯಾವುದೋ ಊರಲ್ಲಿ ನಡೆಯುತ್ತದೆ ಎಂದು ಮಂಡಳಿ ತಿಳಿಸಿತು. ಹುಲಕೋಟಿ ಶಾನುಭೋಗನನ್ನು ಮತ್ತೆ ಮುಂಬಾಗಿಲಿಗೆ ಕಳಿಸಿದ; ಸಹನಾಂಕ ಎಂಬತ್ತಕ್ಕೆ ಏರಿತು. ಶಾಂಭವಿಗೆ ಬೇರೆ ಕೆಲಸ ನೋಡಿಕೊಳ್ಳಲು ಹೇಳಿದ, ಮುಖ ನೋಡದೆ ಹೇಳಿದ.

ಹೊರಡುವ ದಿನ ಅವಳು ಕೊನೆಯ ಸಲ ಆಟದೊಳಗೆ ಹೋದಳು. ಹೊನ್ನಗಿರಿಯಲ್ಲಿ ಲಿಂಗಮ್ಮ ಒಂಟಿಯಾಗಿದ್ದಳು, ಗಂಡ ಸತ್ತಿದ್ದ. ಶಾಂಭವಿ ಹಳೆಯ ಕಡತದಿಂದ ಮಣ್ಣಿನ ಗಡಿಗೆಯನ್ನು ಹುಡುಕಿ ತೆಗೆದು, ಸೀಮೆಯ ಎಲ್ಲ ಕುಂಬಾರರಿಗೂ ಮರಳಿ ಕೊಟ್ಟಳು. ವಾರದೊಳಗೆ ಹೊನ್ನಗಿರಿಯಲ್ಲಿ ತವರ ಕೇಳುವವರಿರಲಿಲ್ಲ. ಪಾಳೆಯಗಾರರು ಆಕಳಿಸತೊಡಗಿದರು, ಕಂಪನಿಗೆ ಬೈದು ಬರೆದರು. ಹುಲಕೋಟಿ ಗಡಿಗೆ ತೆಗೆಯಲು ಹೊಸಬರನ್ನು ಹುಡುಕುತ್ತಿದ್ದಾನೆಂದು ಅವಳಿಗೆ ಸುದ್ದಿ ಬಂತು.

ಅವ್ವ ಮಾತು ಬಿಟ್ಟಿದ್ದಳು. ಎರಡು ಭಾನುವಾರ ಶಾಂಭವಿ ಹೋಗಲಿಲ್ಲ. ಮೂರನೆಯದಕ್ಕೆ ತಡೆಯಲಾಗದೆ ಫೋನು ಮಾಡಿದಳು.

“ಅವ್ವಾ, ಬರ್ಲೇನು?”

“ಬರಾಕ ಫೋನ್ ಯಾಕ ಮಾಡ್ತಿ? ನೀ ಏನ್ ಬೀಗತಿಯೇನು?” ಎಂದಳು ಕಾಳವ್ವ. ದನಿಯಲ್ಲಿ ಸಿಟ್ಟು ಹಾಗೇ ಇತ್ತು. “ಮುಂಬಾಗಲಾ ಬಂದವರಿಗೆ. ನೀ ಹಿತ್ತಲಿಂದ ಬಾ.”

ಶಾಂಭವಿ ಹಿತ್ತಲ ಬಾಗಿಲು ದೂಡಿದಳು. ಬಚ್ಚಲ ಪಕ್ಕ ಮೂರು ಕಲ್ಲು ಹೂಡಿ ಒಲೆ ಮಾಡಿದ್ದರು. ಮೇಲೊಂದು ಹೊಸ ಮಣ್ಣಿನ ಗಡಿಗೆ ಕುದಿಯುತ್ತಿತ್ತು. ಮೌನೇಶ ಕೂತು ಪುಳ್ಳೆ ಮುರಿದು ಒಲೆಗೆ ಹಾಕುತ್ತಿದ್ದ. ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. ಕಾಳವ್ವ ಮಗಳ ಮುಖ ನೋಡಲಿಲ್ಲ.

“ಹೊಗಿ ಹತ್ತೇತಿ, ಆ ಕಡೆ ಕೂಡು,” ಎಂದಳು.

ಗೂಡು ಖಾಲಿಯೇ ಇತ್ತು. ಮೂವರೂ ಹಿತ್ತಿಲಲ್ಲೇ ಕೂತು, ಗಡಿಗೆಯಿಂದ ತೋಡಿಕೊಂಡು ಪುಂಡಿಪಲ್ಯ ರೊಟ್ಟಿ ಉಂಡರು.